ರಾಜಕುಮಾರನ ಕಠಾರಿ, ಅಜ್ಜನ ರೋಕಡಿ ಪುಸ್ತಕ

ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಊರಿನವರಿಗೆ ಶನಿವಾರ ಸಂಜೆ ಹೇಗೋ ನಮಗೆ ಗುರುವಾರ ಸಂಜೆ ಹಾಗೆ. ಇಬ್ರಾದಲ್ಲಿರುವ ಬೆರಳೆಣಿಕೆಯ ಕನ್ನಡ ಕುಟುಂಬಗಳು ನಾವು ಆ ಸಂಜೆ ಸರದಿಯ ಮೇಲೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಪುತ್ತೂರು ಕಡೆಯವರಾದ ನಮ್ಮ ಸರದಿಗೆ ನೀರುದೋಸೆ, ಹುಬ್ಬಳ್ಳಿಯ ಭೌತಶಾಸ್ತ್ರದ ಮೇಷ್ಟ್ರ ಸರದಿಗೆ ಜೋಳದ ರೊಟ್ಟಿ, ಎಣಗಾಯಿ. ಊಟ ಮುಗಿದ ಮೇಲೆ ದೊಡ್ಡವರು ಊರಿನ ಸುದ್ದಿಗೆ ಕೂತರೆ ಮಕ್ಕಳು ಕಂಪ್ಯೂಟರ್ ಮುಂದೆ.

ಇಬ್ರಾ ಅಂದರೆ ಮಸ್ಕತ್‌ನಿಂದ ಸುಮಾರು 150 ಕಿಲೋಮೀಟರ್ ದೂರದ ಊರು, ಉತ್ತರ ಶರ್ಕಿಯಾ ಪ್ರಾಂತ್ಯದ ಆಡಳಿತ ಕೇಂದ್ರ. ಬುಧವಾರ ಹೆಂಗಸರಿಗೆಂದೇ ನಡೆಯುವ ಸಂತೆಗೆ ಹೆಸರುವಾಸಿ. ಒಂದು ಪಕ್ಕದಲ್ಲಿ ಹೊಸ ಮಾರುಕಟ್ಟೆ, ಇನ್ನೊಂದು ಪಕ್ಕದಲ್ಲಿ ಅಲ್ ಮಿನ್ಜಫಾದ ಹಳೆಯ ಮಣ್ಣಿನ ಮಹಡಿ ಮನೆಗಳು. ಮಾಡು ಬಿದ್ದ ಆ ಮನೆಗಳ ಕಮಾನುಗಳ ನಡುವೆ ಓಡಾಡುವಾಗ ನಮ್ಮ ಮಗ ಒಮ್ಮೆ, "ಅಪ್ಪಾ, ಇದು ಥೇಟ್ ಪ್ರಿನ್ಸ್ ಆಫ್ ಪರ್ಷಿಯಾದ ಹಾಗೇ ಉಂಟು" ಅಂದಿದ್ದ. ಈ ಬರಹ ಶುರುವಾದದ್ದು ಆ ಆಟದಿಂದ.

ಕಳೆದ ತಿಂಗಳು ಒಂದು ಗುರುವಾರ ಮಕ್ಕಳ ಕೋಣೆಯಿಂದ ದೊಡ್ಡ ಗಲಾಟೆ ಕೇಳಿತು. ಜಗಳ ಯಾರು ಆಡಬೇಕು ಎಂಬುದರ ಬಗ್ಗೆ ಇರಬೇಕೆಂದು ಹೋಗಿ ನೋಡಿದರೆ, ಅಲ್ಲಿ ನಡೆದಿದ್ದದ್ದು ತರ್ಕ. ಹತ್ತನೇ ತರಗತಿಯ ನಮ್ಮ ಮಗ ಪ್ರಶ್ನೆ ಇಟ್ಟಿದ್ದ: "ರಾಜಕುಮಾರ ಕಾಲವನ್ನು ಹಿಂದಕ್ಕೆ ತಿರುಗಿಸಿ ಆದದ್ದನ್ನೆಲ್ಲ ಇಲ್ಲ ಅನ್ನಿಸಿದ. ಆದದ್ದೇ ಇಲ್ಲ ಅಂತಾದರೆ, ತಿರುಗಿಸಿದವನು ಯಾರು?"

ಮಹಾರಾಜನ ಮಗಳು, ಕಾಲದ ಮರಳು

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ಯುವಕ 1989ರಲ್ಲಿ ಮಾಡಿದ 'ಪ್ರಿನ್ಸ್ ಆಫ್ ಪರ್ಷಿಯಾ' ನಮ್ಮ ತಲೆಮಾರಿನವರಿಗೆ ಪರಿಚಿತವೇ. ಬಿ.ಕಾಂ. ಓದುವಾಗ ಕಂಪ್ಯೂಟರ್ ಲ್ಯಾಬಿನಲ್ಲಿ ಲೆಕ್ಚರರ್ ಕಣ್ಣು ತಪ್ಪಿಸಿ ಅದನ್ನು ಆಡಿದವರು ನಾವು. ತಮ್ಮನನ್ನು ಓಡಿಸಿ, ಹಾರಿಸಿ, ವೀಡಿಯೊ ತೆಗೆದು, ಅದನ್ನು ನೋಡಿ ಮೆಕ್ನರ್ ಆ ರಾಜಕುಮಾರನ ಚಲನೆ ಬಿಡಿಸಿದ್ದರು. ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ಸ್ಟುಡಿಯೊ 2003ರಲ್ಲಿ ಹೊರತಂದ 'ಸ್ಯಾಂಡ್ಸ್ ಆಫ್ ಟೈಮ್' ಅದರ ಹೊಸ ಅವತಾರ. 2004ರಲ್ಲಿ 'ವಾರಿಯರ್ ವಿದಿನ್', 2005ರಲ್ಲಿ 'ದಿ ಟೂ ಥ್ರೋನ್ಸ್' ಬಂದು ಕತೆ ಮೂರು ಭಾಗವಾಯಿತು.

ಕತೆ ಆರಂಭವಾಗುವುದು ಭಾರತದಲ್ಲಿ. ಪರ್ಷಿಯಾದ ಸೈನ್ಯ ಒಬ್ಬ ಮಹಾರಾಜನ ಅರಮನೆಗೆ ದಾಳಿ ಮಾಡುತ್ತದೆ. ರಾಜಕುಮಾರನಿಗೆ ಒಂದು ಕಠಾರಿ ಸಿಗುತ್ತದೆ, ಜೊತೆಗೆ 'ಕಾಲದ ಮರಳು' ತುಂಬಿದ ದೊಡ್ಡ ಮರಳು ಗಡಿಯಾರವನ್ನೂ ಕೊಳ್ಳೆಹೊಡೆದು ಒಯ್ಯುತ್ತಾರೆ. ದ್ರೋಹಿ ವಜೀರನ ಮಾತು ನಂಬಿ ರಾಜಕುಮಾರ ಆ ಮರಳನ್ನು ಬಿಡುಗಡೆ ಮಾಡುತ್ತಾನೆ. ಅವನ ತಂದೆಯೂ ಸೇರಿದಂತೆ ಸುತ್ತಲಿದ್ದವರು ಮರಳಿನ ರಾಕ್ಷಸರಾಗುತ್ತಾರೆ. ಮಹಾರಾಜನ ಮಗಳು ಫರಾ ಅವನ ಜೊತೆ ಸೇರಿ ಹೋರಾಡಿ ಕೊನೆಗೆ ಸಾಯುತ್ತಾಳೆ. ರಾಜಕುಮಾರ ಕಠಾರಿಯನ್ನು ಗಡಿಯಾರಕ್ಕೆ ಚುಚ್ಚಿದಾಗ ಕಾಲ ಹಿಂದಕ್ಕೆ ಹರಿದು ದಾಳಿಯ ಮೊದಲಿಗೆ ಬಂದು ನಿಲ್ಲುತ್ತದೆ. ಫರಾ ಬದುಕಿದ್ದಾಳೆ. ಆದರೆ ಅವಳಿಗೆ ಇವನು ಯಾರೆಂದೇ ಗೊತ್ತಿಲ್ಲ.

ಮುಂದಿನ ಭಾಗದಲ್ಲಿ ಸಿಕ್ಕು ಇನ್ನೂ ಬಿಗಿಯಾಗುತ್ತದೆ. ಕಾಲದ ನಿಯಮ ಮುರಿದವನನ್ನು ಹಿಡಿಯಲು ದಹಾಕಾ ಎಂಬ ಕರಿಯ ಭೂತ ಬೆನ್ನು ಹತ್ತುತ್ತದೆ. (ಆ ಭೂತವನ್ನು ನಾವು ನೋಡಿದ ಕೂಡಲೇ ಗುರುತಿಸಿದೆವು: ಕಾಲದ ಆಡಿಟರ್.) ಮರಳೇ ಹುಟ್ಟದಂತೆ ಮಾಡೋಣವೆಂದು ರಾಜಕುಮಾರ ಭೂತಕಾಲಕ್ಕೆ ಹೋಗಿ ಕಾಲದ ಸಾಮ್ರಾಜ್ಞಿಯನ್ನು ಕೊಲ್ಲುತ್ತಾನೆ. ಅವಳ ದೇಹವೇ ಮರಳಾಗುತ್ತದೆ. ತಪ್ಪಿಸಲು ಹೋದವನೇ ಕಾರಣನಾದ! ಕೊನೆಗೆ ಬೇರೆ ದಾರಿ ಹುಡುಕಿ, ಅವಳು ಭೂತಕಾಲದಲ್ಲಿ ಸಾಯದಂತೆ ವರ್ತಮಾನಕ್ಕೆ ಕರೆತರುತ್ತಾನೆ. ಹಾಗಾದರೆ ಮಹಾರಾಜನಿಗೆ ಮರಳು ಸಿಗಲೇ ಇಲ್ಲ, ಮೊದಲ ಭಾಗ ನಡೆಯಲೇ ಇಲ್ಲ. ನಡೆಯದಿದ್ದರೆ ದಹಾಕಾ ಬೆನ್ನು ಹತ್ತಿದ್ದೇಕೆ? ಇವನು ಆ ದ್ವೀಪಕ್ಕೆ ಹೋದದ್ದೇಕೆ?

ಮೂರು ಬಗೆಯ ಉತ್ತರ

ಮೇಷ್ಟ್ರು ಕುರ್ಚಿ ಎಳೆದು ಕೂತರು. "ತಮ್ಮಾ, ಮುಂದಕ್ ಹೋಗೋದ್ರಾಗ ಏನೂ ತಕರಾರಿಲ್ಲ" ಎಂದು ಸುರು ಮಾಡಿದರು. ಭಾಗವತದಲ್ಲಿ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಸಂಗೀತ ಮುಗಿಯುವ ತನಕ ಒಂದು ಕ್ಷಣ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದಿರುತ್ತದೆ. ಮರಳಿ ಬಂದ ರೇವತಿ ಬಲರಾಮನನ್ನು ಮದುವೆಯಾಗುತ್ತಾಳೆ. ಐನ್‌ಸ್ಟೈನರ 1905ರ ಸಿದ್ಧಾಂತವೂ ವೇಗವಾಗಿ ಚಲಿಸುವವರ ಗಡಿಯಾರ ನಿಧಾನವಾಗುತ್ತದೆ ಎನ್ನುತ್ತದೆ. ಇದರಲ್ಲಿ ವಿರೋಧವಿಲ್ಲ, ಏಕೆಂದರೆ ಯಾರೂ ಹಿಂದಕ್ಕೆ ಬಂದು ಆದದ್ದನ್ನು ಅಳಿಸುವುದಿಲ್ಲ. ತಕರಾರು ಇರುವುದೆಲ್ಲ ಹಿಂದಕ್ಕೆ ಹೋಗುವುದರಲ್ಲಿ.

ಅದಕ್ಕೆ ಆಟಗಳು ಕಂಡುಕೊಂಡ ಉತ್ತರ ಮುಖ್ಯವಾಗಿ ಮೂರು.

ಮೊದಲನೆಯದು, ಹಿಂದೆ ಹೋದವನು ಏನು ಮಾಡಿದರೂ ಅದು ಮೊದಲೇ ಆಗಿಹೋಗಿರುತ್ತದೆ ಎಂಬುದು. ರಷ್ಯಾದ ಭೌತವಿಜ್ಞಾನಿ ಇಗೊರ್ ನೋವಿಕೋವ್ 1980ರ ದಶಕದಲ್ಲಿ ಮಂಡಿಸಿದ ಸ್ವಸಂಗತಿಯ ತತ್ವ ಇದೇ. ಸಾಮ್ರಾಜ್ಞಿಯನ್ನು ಕೊಂದು ಮರಳು ಹುಟ್ಟಿಸಿದ್ದು ಈ ಬಗೆಯದು. ನಿಂಟೆಂಡೊದ 1998ರ ಆಟ 'ಒಕರಿನಾ ಆಫ್ ಟೈಮ್'ನಲ್ಲಿ ಇದರ ಸೊಗಸಾದ ಉದಾಹರಣೆಯಿದೆ. ಗಾಳಿಗಿರಣಿಯ ಮನುಷ್ಯ ನಾಯಕನಿಗೆ ಮಳೆ ತರಿಸುವ ಒಂದು ರಾಗ ಕಲಿಸುತ್ತಾನೆ, ಏಳು ವರ್ಷದ ಹಿಂದೆ ಒಬ್ಬ ಹುಡುಗ ಬಂದು ಇದನ್ನು ನುಡಿಸಿದ್ದ ಎನ್ನುತ್ತಾನೆ. ನಾಯಕ ಏಳು ವರ್ಷ ಹಿಂದಕ್ಕೆ ಹೋಗಿ ಅದೇ ರಾಗ ನುಡಿಸುತ್ತಾನೆ. ಆ ಹುಡುಗ ಇವನೇ! ಘಟನೆಗಳಲ್ಲಿ ಎಲ್ಲೂ ಬಿರುಕಿಲ್ಲ. ಆದರೆ ರಾಗ ಕಟ್ಟಿದವರು ಯಾರು? ಇವನು ಅವನಿಂದ ಕಲಿತ, ಅವನು ಇವನಿಂದ ಕಲಿತ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಎರಡೂ ಪುಸ್ತಕ ತಾಳೆಯಾಗುತ್ತವೆ, ಮೂಲ ವೋಚರ್ ಮಾತ್ರ ಇಲ್ಲ. 2024ರಲ್ಲಿ ಬಂದ ಕನ್ನಡ ಚಿತ್ರ 'ಬ್ಲಿಂಕ್' ನೋಡಿದವರಿಗೂ ಇಂಥ ಸುತ್ತುಗಳ ಪರಿಚಯ ಇರುತ್ತದೆ.

ಎರಡನೆಯದು, ಕಾಲ ಕವಲೊಡೆಯುತ್ತದೆ ಎಂಬ ಉತ್ತರ. ಹಿಂದಕ್ಕೆ ಹೋಗಿ ಬದಲಿಸಿದರೆ ಹಳೆಯದು ಅಳಿಯುವುದಿಲ್ಲ, ಪಕ್ಕದಲ್ಲಿ ಹೊಸದೊಂದು ಹುಟ್ಟುತ್ತದೆ. 'ಒಕರಿನಾ' ಕತೆಯ ನಂತರ ಕಾಲ ಮೂರು ಕವಲಾಗಿದೆ ಎಂದು ನಿಂಟೆಂಡೊ 2011ರ ಪುಸ್ತಕವೊಂದರಲ್ಲಿ ತಾನೇ ನಕ್ಷೆ ಬಿಡಿಸಿ ತೋರಿಸಿತು. ಲೆಕ್ಕಕ್ಕೆ ಇದು ಸುಲಭ, ಮೂರು ಬೇರೆ ಕಂಪನಿಗಳ ಮೂರು ಪುಸ್ತಕ ಇದ್ದ ಹಾಗೆ. ಆದರೆ ಒಂದು ಪುಸ್ತಕದ ನಷ್ಟ ಆ ಪುಸ್ತಕದಲ್ಲಿ ಹಾಗೆಯೇ ಉಳಿಯುತ್ತದೆ.

ಮೂರನೆಯದು ನಮ್ಮ ರಾಜಕುಮಾರನದು: ಒಂದೇ ಪುಸ್ತಕ, ಅದರಲ್ಲೇ ತಿದ್ದುಪಡಿ. ಮಕ್ಕಳ ಜಗಳ ಇದರ ಮೇಲೆಯೇ. ಇಲ್ಲಿ ಮೇಷ್ಟ್ರು ನಮ್ಮ ಕಡೆ ತಿರುಗಿ, "ನೀವ ಬಗೀಹರಸ್ರೀ, ಸಿ.ಎ. ಸಾಹೇಬ್ರು" ಅಂದುಬಿಟ್ಟರು.

ಒಂದು ವೋಚರಿಗೆ ಎರಡು ದಿನಾಂಕ

ಆ ರಾತ್ರಿ ಮನೆಗೆ ಬಂದ ಮೇಲೂ ನಮಗೆ ಅದೇ ಯೋಚನೆ. ಬಗೆಹರಿದದ್ದು ಮಾರನೇ ದಿನ.

ಲೆಕ್ಕ ಬರೆಯುವವರಿಗೆ ಗೊತ್ತು, ಪ್ರತಿ ನಮೂದಿಗೆ ಎರಡು ದಿನಾಂಕ ಇರುತ್ತವೆ. ವ್ಯವಹಾರ ನಡೆದ ದಿನ ಒಂದು, ಅದನ್ನು ಪುಸ್ತಕಕ್ಕೆ ಏರಿಸಿದ ದಿನ ಇನ್ನೊಂದು. ಜೂನ್ ತಿಂಗಳಲ್ಲಿ ಕೂತು ಮಾರ್ಚ್ ದಿನಾಂಕದ ವೋಚರ್ ಹಾಕಬಹುದು. ಭಾರತದಲ್ಲಿ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ಜಾಡು ಕಡ್ಡಾಯವಾಗಿ ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಿದ್ದಿದ ಪುಸ್ತಕ ನೋಡಿದರೆ ಹಳೆಯ ಅಂಕಿ ಕಾಣುವುದಿಲ್ಲ. ಜಾಡು ತೆರೆದರೆ ಮೊದಲು ಏನಿತ್ತು, ಯಾವಾಗ ತಿದ್ದಿದ್ದು ಎಲ್ಲವೂ ಇರುತ್ತದೆ.

ಆಟದ ಘಟನೆಗಳನ್ನು ನಡೆದ ದಿನಾಂಕದ ಪ್ರಕಾರ ಜೋಡಿಸಿದರೆ ಎಲ್ಲವೂ ವಿರೋಧ. ಮರಳು ಇಲ್ಲ, ಆದರೂ ಮರಳಿನ ಕತೆ ಇದೆ. ರಾಜಕುಮಾರ ಅನುಭವಿಸಿದ ಕ್ರಮದಲ್ಲಿ ಜೋಡಿಸಿದರೆ ಒಂದರ ಹಿಂದೆ ಒಂದು ಸರಿಯಾಗಿ ಕೂರುತ್ತದೆ: ಮೊದಲು ದಾಳಿ, ನಂತರ ಕಠಾರಿ, ನಂತರ ದ್ವೀಪ, ನಂತರ ತಿದ್ದುಪಡಿ. ಜಗತ್ತು ತಿದ್ದಿದ ಪುಸ್ತಕ, ರಾಜಕುಮಾರನ ನೆನಪು ತಿದ್ದುಪಡಿಯ ಜಾಡು. ತಿರುಗಿಸಿದವನು ಯಾರು ಎಂಬ ಪ್ರಶ್ನೆಗೆ ಉತ್ತರ ಪುಸ್ತಕದೊಳಗೆ ಇಲ್ಲ, ಜಾಡಿನಲ್ಲಿದೆ.

ಇದಕ್ಕೆ ಪುರಾವೆಯೂ ಆಟದಲ್ಲೇ ಇದೆ. ಮೊದಲ ಭಾಗದಲ್ಲಿ ಫರಾ ತನ್ನ ಬಾಲ್ಯದ ಗುಟ್ಟೊಂದನ್ನು ರಾಜಕುಮಾರನಿಗೆ ಹೇಳಿರುತ್ತಾಳೆ. ಹೆದರಿಕೆಯಾದಾಗ ಹೇಳಿಕೋ ಎಂದು ಅಮ್ಮ ಕಲಿಸಿದ ಒಂದು ಪದ, 'ಕಾಕೋಲೂಕಿಯಾ'. ಕಾಲ ಹಿಂದಕ್ಕೆ ಹೋದ ಮೇಲೆ, ನಿನ್ನ ಹೆಸರೇನು ಎಂದು ಅವಳು ಕೇಳಿದಾಗ ಅವನು ಕೊಡುವುದು ಆ ಪದವನ್ನೇ. ಅವಳು ಯಾರಿಗೂ ಹೇಳದ ಪದ! ಮಳೆಯ ರಾಗದ ಹಾಗೆ ಇದು ವೋಚರಿಲ್ಲದ ನಮೂದಲ್ಲ. ಅಮ್ಮನಿಂದ ಮಗಳಿಗೆ, ಮಗಳಿಂದ ಇವನಿಗೆ ಬಂದದ್ದು. ವೋಚರ್ ಇದೆ, ರದ್ದಾದ ಪುಟದಲ್ಲಿದೆ ಅಷ್ಟೆ.

ಆ ಪದ ಕೇಳಿ ಮೇಷ್ಟ್ರ ಹೆಂಡತಿ ನಕ್ಕರು. ಅವರು ಸಂಸ್ಕೃತ ಓದಿದವರು. 'ಕಾಕೋಲೂಕೀಯ' ಪಂಚತಂತ್ರದ ಮೂರನೆಯ ತಂತ್ರದ ಹೆಸರು, ಕಾಗೆ ಗೂಬೆಗಳ ಕತೆ. ಪಂಚತಂತ್ರ ಆರನೆಯ ಶತಮಾನದಲ್ಲಿ ಪರ್ಷಿಯಾಕ್ಕೆ ಹೋಗಿ ಪಹ್ಲವಿ ಭಾಷೆಗೆ ಬಂತು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಅದನ್ನು ಅರಬ್ಬಿಗೆ ತಂದರು. ಕನ್ನಡದಲ್ಲಿ ದುರ್ಗಸಿಂಹ ಪಂಚತಂತ್ರ ಬರೆದದ್ದು 1031ರ ಸುಮಾರಿಗೆ. ನಮ್ಮ ಕಚೇರಿಯ ಒಮಾನಿ ಸಹೋದ್ಯೋಗಿಯನ್ನು ಕೇಳಿದೆವು. "ಕಲೀಲಾ ವ ದಿಮ್ನಾ ತಾನೇ? ಶಾಲೆಯಲ್ಲಿ ಓದಿದ್ದೇನೆ" ಎಂದರು. ನಮ್ಮ ಕರಟಕ ದಮನಕರೇ ಅವರ ಕಲೀಲಾ, ದಿಮ್ನಾ. ಭಾರತದ ರಾಜಕುಮಾರಿ ಪರ್ಷಿಯಾದ ರಾಜಕುಮಾರನಿಗೆ ಕೊಡುವ ಗುರುತಿಗೆ ಇದಕ್ಕಿಂತ ಒಳ್ಳೆಯ ಪದ ಸಿಗಲಾರದು.

ನಮ್ಮ ಮನೆಯ ಅಜ್ಜನ ಲೆಕ್ಕ

ಈ ಪರಿಹಾರವನ್ನು ಮಗನಿಗೆ ಹೇಳಿದಾಗ ಖುಷಿಪಡುತ್ತಾನೆ ಅಂದುಕೊಂಡಿದ್ದೆವು. ಅವನು ಸುಮ್ಮನೆ ಕೇಳಿಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ, "ಆ ಕಠಾರಿ ನನ್ನ ಹತ್ರ ಇದ್ದಿದ್ದರೆ 2020ರ ಮಾರ್ಚಿಗೆ ಹೋಗುತ್ತಿದ್ದೆ. ಪರೀಕ್ಷೆ ಬರೆಯುವುದಿಲ್ಲ, ಊರಿಗೆ ಹೋಗುವ ಅಂತ ಹಟ ಮಾಡುತ್ತಿದ್ದೆ" ಅಂದ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

2020ರ ಮಾರ್ಚ್ ಮೊದಲ ವಾರ ನಮಗೆ ಊರಿಗೆ ಹೊರಡಲು ಟಿಕೆಟ್ ಆಗಿತ್ತು. ಅಪ್ಪನಿಗೆ ಆರೋಗ್ಯ ಅಷ್ಟಕ್ಕಷ್ಟೇ ಇತ್ತು, ಒಮ್ಮೆ ನೋಡಿ ಬರೋಣವೆಂದು. ಆಮೇಲೆ ಅದನ್ನು ಏಪ್ರಿಲಿಗೆ ಮುಂದೂಡಿದೆವು. ಮಾರ್ಚ್ 22ರಿಂದ ಭಾರತಕ್ಕೆ ಅಂತಾರಾಷ್ಟ್ರೀಯ ವಿಮಾನಗಳು ನಿಂತವು. ಏಪ್ರಿಲ್ ಎರಡನೆಯ ವಾರ ಅಪ್ಪ ತೀರಿಕೊಂಡರು, ಹೃದಯಾಘಾತ. ವಂದೇ ಭಾರತ್ ವಿಮಾನಗಳು ಶುರುವಾಗಿದ್ದೇ ಮೇ 7ರಂದು. ಊರಿನ ಬೆಳಗಿನ ಎಂಟೂವರೆ ಗಂಟೆ ನಮಗೆ ಏಳು. ಆ ಏಳು ಗಂಟೆಗೆ ಮೂವರೂ ಮಂಚದ ಮೇಲೆ ಕೂತು ಮೊಬೈಲಿನಲ್ಲಿ ಎಲ್ಲವನ್ನೂ ನೋಡಿದೆವು. ಗಲ್ಫಿನಲ್ಲಿ ಅಂದು ಹೀಗೆ ನೋಡಿದ ಮನೆಗಳು ಎಷ್ಟೋ. ಓದುವವರಲ್ಲಿ ಹಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಟಿಕೆಟ್ ಮುಂದೂಡಿದ್ದು ಏಕೆ? ಆಗ ನಾಲ್ಕನೇ ತರಗತಿಯಲ್ಲಿದ್ದ ಮಗನಿಗೆ ನಾವು ಹೇಳಿದ್ದು, "ನಿನ್ನ ಪರೀಕ್ಷೆ ಇದೆಯಲ್ಲ, ಮುಗಿಸಿಕೊಂಡು ಹೋಗೋಣ." ನೆಂಟರಿಷ್ಟರಿಗೂ ಅದನ್ನೇ ಹೇಳಿದ್ದೆವು. ಅವನು ಆರು ವರ್ಷದಿಂದ ಅದನ್ನು ಹೊತ್ತುಕೊಂಡು ತಿರುಗಿದ್ದಾನೆ. ಕಾಲ ಹಿಂದಕ್ಕೆ ತಿರುಗಿಸುವ ಆಟಗಳನ್ನೇ ಹುಡುಕಿ ಹುಡುಕಿ ಆಡುತ್ತಿದ್ದುದು ಏಕೆಂದು ನಮಗೆ ಆಗ ಅರ್ಥವಾಯಿತು.

ಹಿಂದಕ್ಕೆ ಹೋಗಿ ಅಜ್ಜನನ್ನು ಕೊಂದರೆ ನೀನು ಹುಟ್ಟುವುದು ಹೇಗೆ ಎಂಬ ಪ್ರಶ್ನೆಯನ್ನು ಭೌತಶಾಸ್ತ್ರದವರು 'ಅಜ್ಜನ ವಿರೋಧಾಭಾಸ' ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದರ ಇನ್ನೊಂದು ಮುಖ ಕೂತಿತ್ತು. ಹಿಂದಕ್ಕೆ ಹೋಗಿ ಅಜ್ಜನನ್ನು ನೋಡಿ ಬಂದರೆ ನೋಡಲಿಲ್ಲ ಎಂಬ ನೋವು ಇಲ್ಲ, ನೋವೇ ಇಲ್ಲದಿದ್ದರೆ ಹಿಂದಕ್ಕೆ ಹೋಗುವವರು ಯಾರು?

ಪುಸ್ತಕ ತೆರೆಯಲೇಬೇಕಾಯಿತು. ಪರೀಕ್ಷೆ ನೆಪ ಮಾತ್ರವಾಗಿತ್ತು. ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕಪರಿಶೋಧನೆ ಮುಗಿದಿರಲಿಲ್ಲ, ನಡುವೆ ರಜೆ ಕೇಳಲು ನಮಗೆ ಧೈರ್ಯ ಸಾಲಲಿಲ್ಲ. ನಾಲ್ಕನೇ ತರಗತಿಯ ಪರೀಕ್ಷೆಯೊಂದು ತಪ್ಪಿದರೆ ಆಕಾಶ ಬೀಳುತ್ತಿರಲಿಲ್ಲ. ಹೇಳಲು ಸುಲಭವಾದ ಕಾರಣ ಅದಾಗಿದ್ದರಿಂದ ಅದನ್ನು ಹೇಳಿದೆವು. ಇಷ್ಟನ್ನೂ ಆ ರಾತ್ರಿ ಮಗನೆದುರು ಕೂತು ಹೇಳಿದೆವು. ಅವನು ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಹಾಗಾದರೆ ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟಿತ್ತು. ಇರಬೇಕಾದ್ದೇ.

ತಪ್ಪು ಯಾವುದು, ಖಾತೆ ಯಾರದು

ನಾವು ದಿನವೂ ಬಳಸುವ ಅಂತಾರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳಲ್ಲಿ ಎಂಟನೆಯದು ಹಿಂದಿನ ವರ್ಷಗಳ ತಪ್ಪನ್ನು ತಿದ್ದುವ ಬಗೆ ಹೇಳುತ್ತದೆ. ಅದರಲ್ಲಿ ಒಂದು ನಿಯಮವಿದೆ: ಹಿಂದಿನ ಅವಧಿಯ ಲೆಕ್ಕ ತಿದ್ದುವಾಗ ಆಮೇಲೆ ಬಂದ ತಿಳಿವಳಿಕೆಯನ್ನು ಬಳಸಬಾರದು. ಅಂದು ಏನು ಗೊತ್ತಿತ್ತು, ಏನು ಗೊತ್ತಾಗಬಹುದಿತ್ತು, ಅಷ್ಟೇ ಲೆಕ್ಕಕ್ಕೆ. ಪರೀಕ್ಷೆಗೆ ಓದುವಾಗ ಇದು ಒಂದು ಸಾಲು ಮಾತ್ರ ಆಗಿತ್ತು.

ಮಾರ್ಚ್ ಮೊದಲ ವಾರ ಟಿಕೆಟ್ ಮುಂದೂಡಿದಾಗ ಮೂರು ವಾರದಲ್ಲಿ ಆಕಾಶವೇ ಮುಚ್ಚುತ್ತದೆಂದು ನಮಗೆ ಗೊತ್ತಿರಲಿಲ್ಲ. ಆ ತೀರ್ಮಾನದ ಮೇಲೆ ಏಪ್ರಿಲಿನ ದುಃಖವನ್ನು ಹಾಕಿ ಅದನ್ನು ತಪ್ಪೆಂದು ಬರೆಯುವುದು ನ್ಯಾಯವಲ್ಲ. ಆದರೆ ಸುಳ್ಳು ಕಾರಣ ಹೇಳಿದ್ದು ಹಾಗಲ್ಲ. ಅದು ಸುಳ್ಳೆಂದು ಅಂದೇ ನಮಗೆ ಗೊತ್ತಿತ್ತು. ಅದು ನಿಜವಾದ ತಪ್ಪು: ನಮ್ಮ ಖಾತೆಗೆ ಬೀಳಬೇಕಾದ ಮೊತ್ತವನ್ನು ಒಂಬತ್ತು ವರ್ಷದ ಹುಡುಗನ ಖಾತೆಗೆ ಖರ್ಚು ಹಾಕಿದ್ದೆವು.

ಇಂಥದ್ದಕ್ಕೆ ಕಠಾರಿ ಬೇಕಾಗಿಲ್ಲ. 1995ರ ಜಪಾನಿ ಆಟ 'ಕ್ರೋನೊ ಟ್ರಿಗರ್'ನಲ್ಲಿ ಒಂದು ಪ್ರಸಂಗವಿದೆ. ನಾಯಕ ಕ್ರೋನೊ ಎಲ್ಲರ ಕಣ್ಣೆದುರೇ ಸಾಯುತ್ತಾನೆ. ಗೆಳೆಯರು ಕಾಲದಲ್ಲಿ ಹಿಂದಕ್ಕೆ ಹೋಗಿ, ಆ ಕ್ಷಣ ಸ್ತಬ್ಧವಾಗಿದ್ದಾಗ, ಅವನ ಜಾಗದಲ್ಲಿ ಅವನಂತೆಯೇ ಇರುವ ಬೊಂಬೆಯನ್ನಿಟ್ಟು ಅವನನ್ನು ಕರೆತರುತ್ತಾರೆ. ಅಂದು ಅಲ್ಲಿದ್ದವರು ಕಂಡದ್ದು ಒಂದಿಷ್ಟೂ ಬದಲಾಗುವುದಿಲ್ಲ. ಹಾಗಾಗಿ ವಿರೋಧವೂ ಹುಟ್ಟುವುದಿಲ್ಲ. ನಮಗೆ ಬೊಂಬೆ ಇಡುವ ಶಕ್ತಿಯಿಲ್ಲ. ಆದರೆ ಕಂಡದ್ದು ಹಾಗೆಯೇ ಇದ್ದು ಒಳಗಿನ ಬಾಕಿ ಬದಲಾಗುವುದು ನಮ್ಮ ಕೈಲೂ ಆಗುತ್ತದೆ.

ಅಪ್ಪನಿಗೆ ಊರಿನಲ್ಲಿ ಚಿಕ್ಕ ಜಿನಸಿನ ಅಂಗಡಿ ಇತ್ತು. ಅವರ ರೋಕಡಿ ಪುಸ್ತಕಗಳಲ್ಲಿ ಒಂದನ್ನು ಕಳೆದ ರಜೆಯಲ್ಲಿ ಇಲ್ಲಿಗೆ ತಂದಿದ್ದೆವು. ಮಗನಿಗೆ ಅದನ್ನು ತೆಗೆದು ತೋರಿಸಿದೆವು. ಅಜ್ಜ ತಪ್ಪಾದಲ್ಲಿ ಗೀಚಿ ಮಸಿ ಮಾಡುತ್ತಿರಲಿಲ್ಲ. ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಸರಿಯಾದ ಮೊತ್ತ ಬರೆದು, ಪಕ್ಕದಲ್ಲಿ ತಾರೀಕು ಹಾಕುತ್ತಿದ್ದರು. ತಪ್ಪೂ ಓದಲು ಬರಬೇಕು, ತಿದ್ದಿದ್ದೂ ಓದಲು ಬರಬೇಕು. ಅದನ್ನು ನಮಗೆ ಕಲಿಸಿದ್ದು ಅವರೇ, ಕಾಲೇಜಿಗೆ ಹೋಗುವ ಮೊದಲು. ಮಗ ಆ ಗೆರೆಗಳ ಮೇಲೆ ಬೆರಳಾಡಿಸುತ್ತ, "ಅಜ್ಜನದ್ದು ಎಡಿಟ್ ಲಾಗ್" ಅಂದ. ಎಷ್ಟೋ ದಿನದ ಮೇಲೆ ಅಜ್ಜನ ಹೆಸರೆತ್ತಿ ನಕ್ಕ.

ಮಾರನೇ ಶುಕ್ರವಾರ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೂ ನಿಜ ಹೇಳಿದೆವು. ಅತ್ತ ಕಡೆ ಸ್ವಲ್ಪ ಹೊತ್ತು ಮೌನ. "ಗೊತ್ತಿತ್ತು ಮಗಾ, ನಿಮ್ಮ ಅಪ್ಪನಿಗೂ ಗೊತ್ತಿತ್ತು. ಮಾರ್ಚಿನಲ್ಲಿ ಲೆಕ್ಕದವರಿಗೆ ಪುರುಸೊತ್ತು ಎಲ್ಲಿರುತ್ತದೆ ಅಂದಿದ್ದರು" ಎಂದರು. ಆಮೇಲೆ ಮೊಮ್ಮಗನಿಗೆ ಫೋನ್ ಕೊಡಲು ಹೇಳಿದರು. ಅವರಿಬ್ಬರು ಏನು ಮಾತಾಡಿದರೋ ನಾವು ಕೇಳಲಿಲ್ಲ.

ಇಬ್ರಾದ ಖರ್ಜೂರದ ತೋಟಗಳಿಗೆ ನೀರು ಬರುವುದು ಫಲಜ್ ಕಾಲುವೆಗಳಿಂದ. ಒಮಾನಿನ ಇಂಥ ಐದು ಫಲಜ್‌ಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಲ್ಲಿ ನೀರನ್ನು ಹಂಚುವುದು ಹೊತ್ತಿನ ಲೆಕ್ಕದಲ್ಲಿ. ಹಿಂದೆ ಹಗಲು ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಅಳೆಯುತ್ತಿದ್ದರು. ತಪ್ಪಿದ ಪಾಳಿಯ ನೀರು ಮುಂದಿನ ತೋಟಕ್ಕೆ ಹರಿದಾಗಿರುತ್ತದೆ, ಅದನ್ನು ಯಾರೂ ಮರಳಿ ತರಲಾರರು. ಮುಂದಿನ ಸುತ್ತಿನಲ್ಲಿ ತೂಬು ತೆರೆಯಲು ಮಾತ್ರ ಹಾಜರಿರಬೇಕು.

ಈ ಸಲ ಡಿಸೆಂಬರಿಗೆ ಟಿಕೆಟ್ ಮಾಡಿದ್ದೇವೆ. ಕಚೇರಿಯಲ್ಲಿ ವರ್ಷಾಂತ್ಯದ ಕೆಲಸ ಇದ್ದೇ ಇರುತ್ತದೆ. ರಜೆ ಕೇಳಿಯಾಗಿದೆ. ಕಾರಣದ ಜಾಗದಲ್ಲಿ "ಅಮ್ಮನನ್ನು ನೋಡಬೇಕು" ಎಂದು ಬರೆದಿದ್ದೇವೆ. ಮಗ ಬೋರ್ಡ್ ಪರೀಕ್ಷೆಯ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಬರುತ್ತಾನಂತೆ, ಅಜ್ಜಿಯ ಮನೆಯ ಜಗಲಿಯಲ್ಲಿ ಕೂತೂ ಓದಬಹುದಲ್ಲ ಎನ್ನುತ್ತಾನೆ.